ಹಾಜ್ ಫರಜ್‌ನ ಎರಡು ಹಸಿರು

ರಾಜಧಾನಿ ತೂನಿಸ್‌ನಲ್ಲಿ ಹದಿನೈದು ದಿನ ತರಬೇತಿ ಮುಗಿಸಿ, ತನ್ನ ಕಡಲೂರು ಮಹ್ದಿಯಾದಲ್ಲಿ ಬಸ್ಸಿಳಿದಾಗ ಲಸ್ಸಾದನ ಕೈಯಲ್ಲಿ ಒಂದು ಪ್ರಮಾಣಪತ್ರವೂ ನಾಲಿಗೆಯ ಮೇಲೆ ಒಂದು ಹೊಸ ಮಾತೂ ಇದ್ದವು. ಪ್ರಮಾಣಪತ್ರವನ್ನು ಪುರಸಭೆಯ ದಾಖಲೆ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಮಾತನ್ನು ಮಾತ್ರ ಎಲ್ಲೂ ಇಳಿಸದೆ ಹೋದಲ್ಲೆಲ್ಲ ಹೊತ್ತು ತಿರುಗಿದ. ಕಾಫಿ ಅಂಗಡಿಯಲ್ಲಿ, ಬಂದರಿನಲ್ಲಿ ಮೀನು ಆರಿಸುವಾಗ, ಮಾವನ ಮನೆಯಲ್ಲಿ ಕುಸ್ಕುಸ್ ತಟ್ಟೆಯ ಮುಂದೆ ಕೂತಾಗ, ಎಲ್ಲ ಕಡೆಯೂ ಅದೇ: ಕಲರ್ ಸ್ಪೇಸ್.

ಆ ಕೋಣೆಯಲ್ಲಿ ಅವನ ಜೊತೆ ಕೆಲಸಕ್ಕಿದ್ದವಳು ಝುಬೈದಾ. ಮೂವತ್ತನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು ಊರಿನ ಜನನ, ಮದುವೆ, ಮರಣಗಳನ್ನೆಲ್ಲ ಕೈಯಾರೆ ಬರೆದು ಜೋಡಿಸಿದವಳು. ನಿವೃತ್ತಿಗೆ ಆರು ತಿಂಗಳು ಬಾಕಿ. ಲಸ್ಸಾದನಿಗಿಂತ ಹನ್ನೆರಡು ವರ್ಷ ದೊಡ್ಡವಳಾದರೂ ಅವನನ್ನು "ಸೀ ಲಸ್ಸಾದ್" ಎಂದು, ಅಂದರೆ ಲಸ್ಸಾದ್ ಅವರೇ ಎಂದೇ ಕರೆಯುತ್ತಿದ್ದಳು; ಅವನೂ ಅವಳನ್ನು ಹೆಂಗಸರಿಗೆ ಗೌರವದಿಂದ ಹೇಳುವ 'ಲಲ್ಲಾ' ಸೇರಿಸಿ ಕರೆಯುತ್ತಿದ್ದ. ಆ 'ಸೀ'ಯಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ಅವನಿಗೆ ಹತ್ತು ವರ್ಷವಾದರೂ ಗೊತ್ತಾಗಿರಲಿಲ್ಲ.

ತರಬೇತಿಗೆ ಕಾರಣವಾದದ್ದು ಸೀ ಹಮ್ಮಾದಿಯ ಸ್ಲೈಡುಗಳು. ಸೀ ಹಮ್ಮಾದಿ ಊರಿನ ಹಳೆಯ ಫೋಟೋಗ್ರಾಫರ್. ಮದುವೆ ಫೋಟೋಗಳನ್ನು ಕಾಗದಕ್ಕೆ ಹಾಕಿಕೊಡುತ್ತಿದ್ದನಾದರೂ, ಪ್ರತಿ ಮದುವೆಯದೂ ಒಂದಷ್ಟು ಬಣ್ಣದ ಫಿಲ್ಮು ಸ್ಲೈಡು ತೆಗೆದು ಸಂಜೆ ಪ್ರೊಜೆಕ್ಟರಿನಿಂದ ತನ್ನ ಅಂಗಡಿಯ ಬಿಳಿ ಗೋಡೆಯ ಮೇಲೆ ಬಿಡುತ್ತಿದ್ದ. ಬೀದಿಯೇ ನಿಂತು ನೋಡುತ್ತಿತ್ತು. ಅವನು ತೀರಿಕೊಂಡ ಮೇಲೆ ಮಗಳು ಮೂರು ಸಾವಿರಕ್ಕೂ ಮೇಲಿದ್ದ ಆ ಸ್ಲೈಡುಗಳನ್ನು ಹಲ್ವಾ ಡಬ್ಬಿಗಳಲ್ಲಿ ತುಂಬಿ ಪುರಸಭೆಗೆ ಕೊಟ್ಟಳು. ಕೆಲವು ಡಬ್ಬಿಗಳಲ್ಲಿ ಬಣ್ಣ ಆಗಲೇ ಕೆಟ್ಟಿತ್ತು. ಸಮುದ್ರ ದಾಳಿಂಬೆ ರಸದಂತೆ ಕೆಂಪಾಗಿ, ಮದುಮಗನ ಬಿಳಿ ಅಂಗಿಯೂ ಕೆಂಪಾಗಿ ಕೂತಿತ್ತು. ಉಳಿದವು ಕೆಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡಬೇಕು ಎಂದು ತೀರ್ಮಾನವಾಯಿತು.

ಪುರಸಭೆಯ ಕಾರ್ಯದರ್ಶಿ ಸೀ ನೌಫಲ್ ಮೊದಲ ದಿನ ಬಂದು ನಿಂತೇ ಕೇಳಿದ, "ಏನೋ ಸ್ಪೇಸ್ ಅಂತ ಊರೆಲ್ಲ ಹೇಳ್ಕೊಂಡ್ ಬರ್ತಿದೀಯಂತೆ. ಏನದು, ಬೇಗ ಹೇಳು, ಮೀಟಿಂಗ್ ಇದೆ."

ಲಸ್ಸಾದ್ ಗಂಟಲು ಸರಿಮಾಡಿಕೊಂಡ. "ಒಂದು ಚಿತ್ರದೊಳಗೆ ಎಷ್ಟು ಬಣ್ಣಕ್ಕೆ ಜಾಗ ಇದೆ ಅನ್ನೋದು, ಸೀ ನೌಫಲ್. ಚಿಕ್ಕ ಹರವು ಅಂತ ಒಂದಿದೆ, ಎಸ್‌ಆರ್‌ಜಿಬಿ. ಎಲ್ಲಾ ಫೋನಿಗೂ, ಎಲ್ಲಾ ಪರದೆಗೂ ಅದು ಗೊತ್ತು. ದೊಡ್ಡ ಹರವು ಇನ್ನೊಂದು, ಅಡೋಬಿ ಆರ್‌ಜಿಬಿ. ಅದರಲ್ಲಿ ಹಸಿರು, ನೀಲಿಹಸಿರು ಇನ್ನೂ ದೂರ ಹೋಗತ್ತೆ."

"ಎಲ್ಲಿಗೆ ಹೋಗತ್ತೆ?" ಎಂದಳು ಝುಬೈದಾ.

"ದೂರ."

"ನಿಮ್ಮ ಹಾಗೆ ತೂನಿಸ್ ತನಕಾನಾ?"

ಸೀ ನೌಫಲ್‌ಗೆ ಇದೆಲ್ಲ ಬೇಡವಾಗಿತ್ತು. "ದೊಡ್ಡದು ಇದ್ದಾಗ ಪುರಸಭೆಗೆ ಚಿಕ್ಕದು ಯಾಕೆ? ದೊಡ್ಡದೇ ಮಾಡು" ಎಂದು ಹೊರಟೇ ಹೋದ. ಲಸ್ಸಾದ್ ಇನ್ನೂ ಅರ್ಧ ಗಂಟೆಯ ವಿವರಣೆ ಸಿದ್ಧಮಾಡಿಕೊಂಡಿದ್ದ. ಅದನ್ನು ಝುಬೈದಾ ಕೇಳಬೇಕಾಯಿತು.

ದೊಡ್ಡ ಹರವಿನಲ್ಲೇ ಕೆಲಸ ಶುರುವಾಯಿತು. ಎರಡು ವಾರಕ್ಕೆ ಇನ್ನೂರು ಸ್ಲೈಡು ಮುಗಿಯಿತು. ಸೀ ನೌಫಲ್‌ಗೆ ಅವಸರ. ಅದರಲ್ಲಿ ಇಪ್ಪತ್ತನ್ನು ತಾನೇ ಎತ್ತಿಕೊಂಡು, ತನ್ನ ಕಂಪ್ಯೂಟರಿನಲ್ಲಿದ್ದ ಯಾವುದೋ ಹಳೆಯ ತಂತ್ರಾಂಶದಲ್ಲಿ ಕಿರಿದು ಮಾಡಿ, ಪುರಸಭೆಯ ಫೇಸ್‌ಬುಕ್ ಪುಟಕ್ಕೆ ಹಾಕಿಬಿಟ್ಟ. ಇಂಥ ಪ್ರತಿ ಚಿತ್ರದ ಕಡತದಲ್ಲೂ 'ನನ್ನ ಬಣ್ಣಗಳನ್ನು ಇಂಥ ಹರವಿನಲ್ಲಿ ಓದಿ' ಎಂದು ಹೇಳುವ ಒಂದು ಪುಟ್ಟ ಗುರುತುಚೀಟಿ ಇರುತ್ತದೆ. ಕಿರಿದು ಮಾಡುವಾಗ ಆ ಚೀಟಿ ಕಳಚಿಬಿತ್ತು. ಚೀಟಿಯಿಲ್ಲದ ಚಿತ್ರವನ್ನು ಫೋನುಗಳು ತಮಗೆ ಗೊತ್ತಿದ್ದ ಚಿಕ್ಕ ಹರವಿನಲ್ಲೇ ಓದಿದವು. ಬಣ್ಣವೆಲ್ಲ ಸಪ್ಪಗಾಯಿತು. ಮದುಮಗಳ ಕೆನ್ನೆ ಬೂದಿ ಬಳಿದಂತೆ, ಮೆಹೆಂದಿ ಹಚ್ಚಿದ ಕೈ ಕೆಸರು ಮೆತ್ತಿದಂತೆ.

ಊರು ಇಂಥದಕ್ಕೇ ಕಾದು ಕೂತಿತ್ತು. "ನಮ್ಮ ತಾಯಂದಿರಿಗೆಲ್ಲ ಮದುವೆ ದಿನಾನೇ ರಕ್ತ ಕಮ್ಮಿ ಇತ್ತಾ?" ಎಂದು ಒಬ್ಬ ಬರೆದ. "ಗಂಡನ ಮುಖ ನೋಡಿದ ಮೇಲೆ ಹಾಗಾಗಿರಬೇಕು" ಎಂದು ಅವನ ಅಕ್ಕ ಕೆಳಗೆ ಬರೆದಳು. ಇನ್ನೂರು ಜನ ನಕ್ಕರು. ಕಾಫಿ ಅಂಗಡಿಯವನು ಲಸ್ಸಾದನ ಮುಂದೆ ಲೋಟ ಇಡುತ್ತ, "ಹಾಲು ಜಾಸ್ತಿ ಹಾಕಿದೀನಿ, ನಿಮ್ಮ ಫೋಟೋ ಬಣ್ಣಕ್ಕೆ ಸರಿಹೋಗ್ಲಿ ಅಂತ" ಎಂದ.

ತಪ್ಪಾದದ್ದು ಚೀಟಿ ಕಳಚಿದ್ದರಿಂದ, ದೊಡ್ಡ ಹರವಿನಿಂದಲ್ಲ. ಲಸ್ಸಾದನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ಕಾರ್ಯದರ್ಶಿಯ ಮುಖದ ಮುಂದೆ 'ತಪ್ಪು ನಿಮ್ಮದು' ಎನ್ನಬೇಕು, ಆಮೇಲೆ ನಗುವವರಿಗೆ ಪಾಠ ಮಾಡಬೇಕು. ನಗುವ ಊರು ಪಾಠ ಕೇಳುವುದಿಲ್ಲ. ಅವನು ಬೇರೆ ದಾರಿ ಹಿಡಿದ. ಶನಿವಾರ ಒಬ್ಬನೇ ಬಂದು, ಆ ಇನ್ನೂರು ಚಿತ್ರಗಳನ್ನೂ ಅಳಿಸಿ, ಸ್ಕ್ಯಾನರನ್ನು ಚಿಕ್ಕ ಹರವಿಗೆ ತಿರುಗಿಸಿ ಮೊದಲಿಂದ ಶುರುಮಾಡಿದ. ಸೋಮವಾರ ಹೊಸ ಚಿತ್ರಗಳು ಪುಟ ಸೇರಿದವು. ಕೆನ್ನೆಗಳು ಕೆಂಪಾದವು. "ಈಗ ನೋಡಿ, ನಮ್ಮಮ್ಮ ಸೇಬಿನ ಹಾಗಿದಾಳೆ!" ಎಂದು ಜನ ಹೊಗಳಿದರು. ಸೀ ನೌಫಲ್ ಬೆನ್ನು ತಟ್ಟಿದ.

ಝುಬೈದಾ ಮಾತ್ರ ಕನ್ನಡಕದ ಮೇಲಿಂದ ನೋಡಿದಳು. "ದೊಡ್ಡದು ದೊಡ್ಡದು ಅಂತಿದ್ರಿ. ಎಲ್ಲಿ ಹೋಯ್ತು?"

"ಅಲ್ಲ ಲಲ್ಲಾ ಝುಬೈದಾ, ಯಾವ ಪರದೇಲೂ ಕಾಣದ ಬಣ್ಣ ಇಟ್ಕೊಂಡು ಏನ್ ಮಾಡೋದು? ಜನ ನೋಡೋದು ಫೋನಲ್ಲಿ."

"ಇವತ್ತಿನ ಫೋನಲ್ಲಿ."

"ಕಾಣದ್ದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಸರಿ ಬಿಡಿ. ಪ್ರಮಾಣಪತ್ರ ಇರೋದು ನಿಮ್ಮ ಗೋಡೆ ಮೇಲೆ" ಎಂದು ಅವಳು ಮುಂದಿನ ಸ್ಲೈಡಿನ ಧೂಳು ಒರೆಸಿದಳು.

ಹೀಗೆ ಐದು ವಾರದಲ್ಲಿ ಒಂಬೈನೂರು ಸ್ಲೈಡು ಚಿಕ್ಕ ಹರವಿನೊಳಗೆ ಹೊಕ್ಕವು. ಲಸ್ಸಾದನ ಗೆಲುವು ಮರಳಿತು. ಆರನೆಯ ವಾರ ಹಾಜ್ ಫರಜ್ ಬಂದ.

ಹಾಜ್ ಫರಜ್ ರೇಷ್ಮೆ ನೇಯುವವನು. ಎಂಬತ್ತರ ಹತ್ತಿರ ವಯಸ್ಸು, ಹಳೆ ಊರಿನ ಓಣಿಯಲ್ಲಿ ಇನ್ನೂ ಮಗ್ಗದ ಮುಂದೆ ಕೂರುತ್ತಾನೆ. ಮದುಮಗಳು ಹೊದೆಯುವ ರಿದಾ ಎಂಬ ದೊಡ್ಡ ರೇಷ್ಮೆ ಹೊದಿಕೆ ಅವನ ಕೈಯಿಂದ ಬಂದರೆ ಅದಕ್ಕೆ ಬೇರೆಯೇ ಮರ್ಯಾದೆ. ಅವನು ಮೆಟ್ಟಿಲು ಹತ್ತಿದ ಸುಸ್ತಿಗೆ ಝುಬೈದಾಳ ಕುರ್ಚಿಯಲ್ಲೇ ಕೂತು, ಅವಳ ಚಹಾವನ್ನೇ ಕುಡಿದು, ಬಂದ ಕಾರಣ ಹೇಳಿದ.

"ಮನ್ನೂಬಿಯಾ, ಜನೈನಾ ಗೊತ್ತಲ್ಲ ನಿಮಗೆ, ಅಕ್ಕ ತಂಗಿ? ಅವರವ್ವನಿಗೆ ನಾನೊಂದು ರಿದಾ ನೇಯ್ದುಕೊಟ್ಟಿದ್ದೆ. ಎಪ್ಪತ್ತನಾಲ್ಕರಲ್ಲಿ ಅಕ್ಕ ಹೊದ್ದು ಮದುವೆ ಆದ್ಳು, ಎರಡು ವರ್ಷಕ್ಕೆ ತಂಗಿ. ಅವ್ವ ಹೋದ ಮೇಲೆ ನಂದು ನಂದು ಅಂತ ಜಗಳ ಆಡಿ, ಕತ್ತರಿ ತಗೊಂಡು ಮಧ್ಯಕ್ಕೆ ಸೀಳಿದ್ರು."

"ಅಯ್ಯೋ! ರೇಷ್ಮೇನಾ?" ಎಂದಳು ಝುಬೈದಾ.

"ನನ್ನೇ ಸೀಳಿದ ಹಾಗಾಯ್ತು ತಾಯಿ. ಅಕ್ಕ ಅರ್ಧಾನ ಕಿಟಕಿಗೆ ಪರದೆ ಮಾಡಿ ಬಿಸಿಲಿಗೆ ಸುಟ್ಳು. ತಂಗಿ ಅರ್ಧಾನ ಯಂತ್ರಕ್ಕೆ ಹಾಕಿ ಒಗೆದ್ಳು. ಈಗ ಒಂದು ಹಳದಿ, ಇನ್ನೊಂದು ಬೂದು. ಈಗ ಅಕ್ಕನ ಮೊಮ್ಮಗಳಿಗೆ ಮದುವೆ. ಹುಡುಗಿ ಹಟ ಹಿಡಿದಿದಾಳೆ, ಅಜ್ಜಿ ಹೊದ್ದಿದ್ದೇ ಬೇಕು ಅಂತ. ಬಣ್ಣ ಹಾಕ್ತಿದ್ದವನು ಸತ್ತು ಇಪ್ಪತ್ತು ವರ್ಷ ಆಯ್ತು, ಲೆಕ್ಕ ಎಲ್ಲ ಅವನ ತಲೇಲಿತ್ತು. ನನಗೆ ಆ ಹಸಿರು ಕಣ್ಣಲ್ಲಿದೆ. ಆದರೆ ಕಣ್ಣಲ್ಲಿರೋದನ್ನ ಬಣ್ಣದ ಪಾತ್ರೆಗೆ ಇಳಿಸಕ್ಕಾಗಲ್ಲ. ಹಮ್ಮಾದಿ ಫೋಟೋ ನಿಮ್ಮ ಹತ್ರ ಇದೆ ಅಂದ್ರು."

ಲಸ್ಸಾದನ ಎದೆ ಉಬ್ಬಿತು. ಹೀಗೆ ಊರಿಗೆ ಉಪಕಾರವಾಗಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಕ್ಷಣದಲ್ಲಿ ಮನ್ನೂಬಿಯಾಳ ಮದುವೆಯ ಚಿತ್ರ ಹುಡುಕಿ ಪರದೆಯ ತುಂಬ ಬಿಟ್ಟ. ಇಪ್ಪತ್ತೆರಡರ ಮನ್ನೂಬಿಯಾ, ಕೈತುಂಬ ಬಳೆ, ಮೈತುಂಬ ಹಸಿರು ರೇಷ್ಮೆ.

ಹಾಜ್ ಫರಜ್ ನೋಡಿದ. ಕುರ್ಚಿ ಮುಂದೆಳೆದುಕೊಂಡು ಮತ್ತೆ ನೋಡಿದ.

"ಹುಡುಗಿ ಮನ್ನೂಬಿಯಾನೇ. ಆ ಮೂಗು ಬದಲಾಗಿಲ್ಲ. ಆದರೆ ಈ ರಿದಾ ಯಾರದ್ದು?"

"ನಿಮ್ಮದೇ, ಹಾಜ್."

"ನಂದಲ್ಲ ಮಗನೇ. ಇದು ಪೊಲೀಸ್ ಠಾಣೆ ಬಾಗಿಲಿನ ಹಸಿರು."

ಲಸ್ಸಾದ್ ಸಾವಧಾನದಿಂದ ನಕ್ಕ. "ಹಾಜ್, ಐವತ್ತು ವರ್ಷ ಆಯ್ತು. ಕಣ್ಣಿಗೂ ವಯಸ್ಸಾಗಿರತ್ತೆ ಅಲ್ವಾ?"

"ಎರಡೂ ಕಣ್ಣಿನ ಪೊರೆ ಹೋದ ಬೇಸಿಗೇಲಿ ತೆಗೆಸಿದೀನಿ. ನಿನ್ನ ಕೊರಳಪಟ್ಟಿ ಮೇಲೆ ಹರಿಸ್ಸಾ ಖಾರದ ಕಲೆ ಇದೆ, ಬೆಳಗ್ಗೆ ತಿಂದಿದ್ದಲ್ಲ, ನಿನ್ನೇದು. ಕಣ್ಣಿನ ಮಾತು ಬೇಡ."

ಝುಬೈದಾ ಕಿಸಕ್ಕೆಂದಳು. ಲಸ್ಸಾದ್ ಕೊರಳಪಟ್ಟಿ ಮುಚ್ಚಿಕೊಂಡ. ಮುದುಕ ಪರದೆಗೆ ಬೆರಳು ತಾಗಿಸಿದ.

"ಇನ್ನೊಂದು ಕೇಳು. ಅದರಲ್ಲಿ ನಾನು ಎರಡು ಹಸಿರು ಹಾಕಿದ್ದೆ. ಪಕ್ಕಪಕ್ಕದಲ್ಲಿ ಸಣ್ಣ ಪಟ್ಟಿ. ಒಂದು ಆಳದ ನೀರು, ಒಂದು ಮರಳ ಮೇಲಿನ ನೀರು. ನಿಂತ್ರೆ ಒಂದೇ ಅನ್ನಿಸತ್ತೆ, ನಡೆದ್ರೆ ಬೇರೆ ಆಗತ್ತೆ. ಅದಕ್ಕೇ ಅಲ್ವಾ ಅಕ್ಕ ತಂಗಿ ಹೊಡೆದಾಡಿದ್ದು! ಇಲ್ಲಿ ಆ ಪಟ್ಟಿ ಎಲ್ಲಿ? ಒಂದೇ ಬಣ್ಣ ಬಳಿದ ಹಾಗಿದೆ."

ಲಸ್ಸಾದ್ ಚಿತ್ರವನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಪಟ್ಟಿ ಇರಲಿಲ್ಲ. ಮಡಿಕೆಗಳ ನೆರಳೂ ಅಲ್ಲಲ್ಲಿ ಮಾಯವಾಗಿ, ಹೆಗಲ ಮೇಲೆ ಒಂದು ಸಪಾಟು ಹಸಿರು ಕೂತಿತ್ತು. ಅಷ್ಟರಲ್ಲಿ ಝುಬೈದಾ ಡಬ್ಬಿ ತೆರೆದು ಮೂಲ ಸ್ಲೈಡನ್ನು ತಂದು, ಕಿಟಕಿಯ ಬಳಿಯ ಬೆಳಕಿನ ಹಲಗೆಯ ಮೇಲಿಟ್ಟು, ಮುದುಕನ ಕೈಗೆ ಭೂತಗನ್ನಡಿ ಕೊಟ್ಟಳು.

ಹಾಜ್ ಫರಜ್ ಬಗ್ಗಿದ. ಎಷ್ಟೋ ಹೊತ್ತು ಏಳಲಿಲ್ಲ.

"ಬಂತಾ?" ಎಂದಳು ಝುಬೈದಾ ಮೆಲ್ಲಗೆ.

"ಬಂತು" ಎಂದ ಅವನು. "ಎರಡೂ ಬಂತು."

ಲಸ್ಸಾದನೂ ಬಗ್ಗಿ ನೋಡಿದ. ಹೆಬ್ಬೆರಳಿನ ಅಗಲದ ಆ ಫಿಲ್ಮಿನೊಳಗೆ ಹಸಿರು ಉರಿಯುತ್ತಿತ್ತು. ಕೊಲ್ಲಿಯ ನೀರಿನ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಾಗ ಕಾಣುವ, ನೀಲಿಯೋ ಹಸಿರೋ ಹೇಳಲಾಗದ ಬಣ್ಣ. ಪಟ್ಟಿ ಪಟ್ಟಿಯಾಗಿ ಎರಡೂ ಬೇರೆ ಬೇರೆ. ಚಿಕ್ಕ ಹರವಿಗೆ ಅವೆರಡರಲ್ಲಿ ಒಂದನ್ನೂ ಹಿಡಿಯಲಾಗಿರಲಿಲ್ಲ. ಎರಡನ್ನೂ ಹಿಡಿದು ಅಂಚಿಗೆ ಒತ್ತಿ ಒಂದೇ ಮಾಡಿಟ್ಟಿತ್ತು. ದೊಡ್ಡ ಹರವಿನಲ್ಲಿದ್ದ ಇನ್ನೂರರಲ್ಲಿ ಇದೂ ಒಂದಾಗಿತ್ತು ಎಂಬುದು ಅವನಿಗೆ ನೆನಪಾಯಿತು.

ಹಾಜ್ ಫರಜ್ ನಾಳೆ ಬರುತ್ತೇನೆಂದು ಹೋದ. ಲಸ್ಸಾದ್ ತಪ್ಪೊಪ್ಪಿಕೊಳ್ಳುವ ಮೊದಲು ಇನ್ನೊಂದು ಉಪಾಯ ನೋಡಿದ. ಅದು ಅವನ ಸ್ವಭಾವ. ಪರದೆಯ ಚಿತ್ರಕ್ಕೇ ಬಣ್ಣ ಏರಿಸುತ್ತ ಹೋದ. ಹಸಿರು ಏರಿದಷ್ಟೂ ಮನ್ನೂಬಿಯಾಳ ಕತ್ತು ಹಸಿರಾಯಿತು, ಹಲ್ಲು ಹಸಿರಾಯಿತು, ಪಕ್ಕದ ಮದುಮಗ ಹಲ್ಲಿಯಾದ. ಪಟ್ಟಿ ಮಾತ್ರ ಬರಲಿಲ್ಲ. ಒಮ್ಮೆ ಅಂಚಿನಲ್ಲಿ ಕತ್ತರಿಸಿ ಬಿಸಾಡಿದ್ದು ಎಷ್ಟು ತಿರುಗಿಸಿದರೂ ವಾಪಸ್ ಬರುವುದಿಲ್ಲ ಎಂದು ತರಬೇತಿಯ ಮೂರನೆಯ ದಿನವೇ ಹೇಳಿಕೊಟ್ಟಿದ್ದರು. ಅವನೇ ಅದನ್ನು ಕಾಫಿ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದ.

ಮೂರು ಗಂಟೆಗೆ ಝುಬೈದಾ ಅವನ ಹಿಂದೆ ಬಂದು ನಿಂತಳು. "ಪಾಪ, ಮದುಮಗನಿಗೆ ಕಾಮಾಲೆ ಹಸಿರಾಗಿ ತಿರುಗಿದ ಹಾಗಿದೆ."

ಲಸ್ಸಾದ್ ಮೌಸನ್ನು ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡ. "ಲಲ್ಲಾ ಝುಬೈದಾ, ನಾನು ತಪ್ಪು ಮಾಡಿದೆ."

"ಯಾವುದರಲ್ಲಿ? ಪಟ್ಟಿ ಉದ್ದ ಇದೆ, ಕೇಳ್ತಿದೀನಿ."

"ಒಂಬೈನೂರರಲ್ಲಿ. ಜನ ನಕ್ಕರು ಅಂತ ಚಿಕ್ಕದಕ್ಕೆ ಬದಲಾಯಿಸ್ದೆ. ದೊಡ್ಡದರಲ್ಲಿ ಇಟ್ಟು, ಜನಕ್ಕೆ ಕೊಡೋ ನಕಲನ್ನ ಮಾತ್ರ ಚಿಕ್ಕದರಲ್ಲಿ ಮಾಡಿದ್ದಿದ್ರೆ ಸಾಕಿತ್ತು. ನನಗದು ಗೊತ್ತಿತ್ತು."

"ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ತಮಾಷೆ ಮಾಡುತ್ತಾಳೆಂದು ಅವನು ಕಾದ. ಅವಳು ಕುರ್ಚಿ ಎಳೆದುಕೊಂಡು ಕೂತು, ಕೆಂಪಾಗಿ ಕೆಟ್ಟ ಸ್ಲೈಡುಗಳ ಡಬ್ಬಿಯನ್ನು ತೋರಿಸಿದಳು. "ಮಿಕ್ಕಿದ್ದೂ ಒಂದಿನ ಹೀಗೇ ಆಗತ್ತೆ ಅಲ್ವಾ? ಆಮೇಲೆ ಉಳಿಯೋದು ನೀವು ಇಟ್ಟಿದ್ದಷ್ಟೇ."

"ಅಷ್ಟೇ."

"ಹಾಗಾದ್ರೆ ದಿನಕ್ಕೆ ಇಪ್ಪತ್ತು. ಧೂಳು ನಾನು ಒರೆಸ್ತೀನಿ. ನೀವು ಮೊದ್ಲು ಸೀ ನೌಫಲ್ ಹತ್ರ ಹೋಗಿ ಬನ್ನಿ. ಇವತ್ತೇ. ನಾಳೆ ಆದ್ರೆ ನಿಮಗೆ ಇನ್ನೊಂದು ಉಪಾಯ ಹೊಳೆಯತ್ತೆ."

ಸೀ ನೌಫಲ್ ಎಲ್ಲ ಕೇಳಿ, "ದೊಡ್ಡದು ಅಂತ ನಾನು ಮೊದಲೇ ಹೇಳಿದ್ನೋ ಇಲ್ವೋ?" ಎಂದ. ಅವನು ಹೇಳಿದ್ದು ನಿಜವೇ. ಗುರುತುಚೀಟಿ ಕಳಚಿದ ವಿಷಯವನ್ನೂ ಲಸ್ಸಾದ್ ಆ ದಿನ ತಡವರಿಸುತ್ತ ಹೇಳಿದ. ಸೀ ನೌಫಲ್ ಮೇಜಿನ ಮೇಲೆ ಬೆರಳು ಬಡಿದು, "ಮತ್ತೆ ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು?" ಎಂದ. ಲಸ್ಸಾದ್ ಮತ್ತೆ ಸ್ಕ್ಯಾನರಿನ ಮುಂದೆ ಹೋಗಿ ಕೂತ.

ಹಾಜ್ ಫರಜ್ ಆಮೇಲೆ ಐದು ಸಲ ಬಂದ. ಪ್ರತಿ ಸಲವೂ ಬಣ್ಣದಲ್ಲಿ ಅದ್ದಿದ ರೇಷ್ಮೆ ನೂಲಿನ ಲಡಿಗಳನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ನಡುಹಗಲಲ್ಲಿ ಕಿಟಕಿಯ ಬಳಿ, ಸ್ಲೈಡಿನ ಪಕ್ಕ ಹಿಡಿದು ನೋಡುತ್ತಿದ್ದ. ಪರದೆಯ ಮೇಲೆ ನೋಡಿ ಎಂದು ಲಸ್ಸಾದ್ ಹೇಳಲಿಲ್ಲ. ಈ ಕೋಣೆಯ ಪರದೆಗೆ ದೊಡ್ಡ ಹರವಿನ ಆ ಹಸಿರನ್ನು ಪೂರ್ತಿ ತೋರಿಸುವ ತಾಕತ್ತಿಲ್ಲ ಎಂದು ತಾನಾಗಿಯೇ ಒಪ್ಪಿಕೊಂಡ. ಎರಡನೆಯ ಸಲ ಮುದುಕ ಗೊಣಗಿದ, "ಹಮ್ಮಾದಿ ಫಿಲ್ಮು ಕೂಡ ಪೂರ್ತಿ ನಿಜ ಹೇಳಲ್ಲ. ಸ್ವಲ್ಪ ನೀಲಿಗೆ ಎಳೆದಿದೆ. ಅವನೂ ಹಾಗೇ ಇದ್ದ, ಮಾತಲ್ಲಿ ಸ್ವಲ್ಪ ಬಣ್ಣ ಸೇರಿಸೋನು."

"ಹಾಗಾದ್ರೆ ಯಾವುದನ್ನ ನಂಬ್ತೀರಾ, ಹಾಜ್?"

"ಪಟ್ಟಿನ ನಂಬ್ತೀನಿ. ಎರಡರ ನಡುವಿನ ಅಂತರ ಸರಿ ಇದೆ. ಹೆಚ್ಚಿನ ನೀಲಿ ನಾನೇ ಕಳೀತೀನಿ. ಅಂತರಾನೇ ಇಲ್ದಿದ್ರೆ ಎಲ್ಲಿಂದ ಕಳೀಲಿ?"

ಲಸ್ಸಾದ್ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಪ್ರಮಾಣಪತ್ರ ಕೊಟ್ಟವರು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಐದನೆಯ ಸಲ ಎರಡೂ ಲಡಿ ಕೂಡಿಬಂದವು. ರಿದಾ ಮಗ್ಗವೇರಿತು. ಏಪ್ರಿಲ್ ಕೊನೆಯಲ್ಲಿ ಮದುವೆ; ಲಸ್ಸಾದನಿಗೂ ಝುಬೈದಾಳಿಗೂ ಕರೆ ಬಂತು. ಮನ್ನೂಬಿಯಾ, ಜನೈನಾ ಹನ್ನೊಂದು ವರ್ಷದ ಮೇಲೆ ಒಂದೇ ಸೋಫಾದಲ್ಲಿ ಕೂತಿದ್ದರು. ನಡುವೆ ಒಂದು ದಿಂಬು.

ಮದುಮಗಳು ನಡೆದು ಬಂದಳು. ಹೆಜ್ಜೆಗೊಮ್ಮೆ ಹಸಿರು ಎರಡಾಗಿ ಒಡೆದು ಮತ್ತೆ ಒಂದಾಯಿತು. ಮೊದಲು ಬಾಯಿ ತೆರೆದವಳು ತಂಗಿ.

"ನಮ್ಮದು ಇನ್ನೂ ಸ್ವಲ್ಪ ಗಾಢ ಇತ್ತು."

"ಗಾಢ ಎಲ್ಲಿ ಬಂತು? ಇನ್ನೂ ತಿಳಿ ಇತ್ತು" ಎಂದಳು ಅಕ್ಕ.

"ನಿನ್ನ ಅರ್ಧ ತಿಳಿ ಆಗಿದ್ದು ಕಿಟಕಿಗೆ ಹಾಕಿದ ಮೇಲೆ."

"ನೀನು ಒಗೆದಿದ್ದು ಯಾರೂ ನೋಡಿಲ್ಲ ಅಂದ್ಕೊಂಡಿದೀಯಾ?"

ಹೇಳುತ್ತ ಹೇಳುತ್ತ ಇಬ್ಬರೂ ಅಳುತ್ತಿದ್ದರು. ದಿಂಬು ಯಾವಾಗ ಕೆಳಗೆ ಬಿತ್ತೋ ಯಾರಿಗೂ ತಿಳಿಯಲಿಲ್ಲ. ಮನ್ನೂಬಿಯಾ ಥಟ್ಟನೆ ಲಸ್ಸಾದನ ಕಡೆ ತಿರುಗಿ, "ನೀನು ಹೇಳಪ್ಪಾ, ಬಣ್ಣ ಕಲಿತೋನಲ್ವಾ ನೀನು? ಗಾಢ ಇತ್ತಾ, ತಿಳಿ ಇತ್ತಾ?" ಎಂದು ಕೇಳಿದಳು.

ಇಡೀ ಕೋಣೆ ಅವನತ್ತ ನೋಡಿತು. ಇಂಥ ಒಂದು ಪ್ರಶ್ನೆಗಾಗಿ ಅವನು ನಾಲ್ಕು ತಿಂಗಳಿಂದ ಊರೆಲ್ಲ ಅಲೆದಿದ್ದ. ಝುಬೈದಾ ಅರ್ಧ ಗಂಟೆಯ ವಿವರಣೆಗೆ ಸಿದ್ಧಳಾದಳು.

"ಇಬ್ಬರದೂ ಒಂದೊಂದು ಪಟ್ಟಿ, ಲಲ್ಲಾ" ಎಂದ ಲಸ್ಸಾದ್. "ನಿಮ್ಮದು ತಿಳಿ, ತಂಗೀದು ಗಾಢ." ಅಷ್ಟು ಹೇಳಿ ಬಾದಾಮಿ ಮಿಠಾಯಿ ಬಾಯಿಗೆ ಹಾಕಿಕೊಂಡ. ಹಾಜ್ ಫರಜ್ ಮೂಲೆಯಿಂದಲೇ ಊರುಗೋಲು ನೆಲಕ್ಕೆ ಎರಡು ಸಲ ಕುಟ್ಟಿದ.

ಒಂಬೈನೂರೂ ಮತ್ತೆ ದೊಡ್ಡ ಹರವಿನಲ್ಲಿ ಮುಗಿದದ್ದು ಮೇ ಎರಡನೆಯ ವಾರ. ಪ್ರತಿಯೊಂದರೊಳಗೂ ಗುರುತುಚೀಟಿ, ಜನಕ್ಕೆ ತೋರಿಸುವ ಚಿಕ್ಕ ನಕಲುಗಳು ಬೇರೆ ಫೋಲ್ಡರಿನಲ್ಲಿ. ಮುಂದೆ ಈ ಕುರ್ಚಿಗೆ ಬರುವವರಿಗಾಗಿ ಲಸ್ಸಾದ್ ಒಂದು ಟಿಪ್ಪಣಿ ಬರೆದ: ಯಾವ ಹರವು, ಯಾಕೆ, ಮೊದಲು ಏನು ತಪ್ಪಾಯಿತು, ಯಾರಿಂದ. ಮೂರು ಪುಟವಾಯಿತು. ನಿವೃತ್ತಿಯ ಹಿಂದಿನ ದಿನ ಝುಬೈದಾ ಕೆಂಪು ಪೆನ್ನು ಹಿಡಿದು ಅದನ್ನು ಓದಿದಳು. ತರಬೇತಿಯ ವರ್ಣನೆ ಹೊಡೆದುಹಾಕಿದಳು. 'ಅನಿವಾರ್ಯ ಸಂದರ್ಭಗಳಿಂದಾಗಿ' ಎಂಬುದನ್ನು ತೆಗೆದು 'ನಾಚಿಕೆಯಿಂದ' ಎಂದು ಬರೆದಳು. ಕಡೆಗೆ ಮುಕ್ಕಾಲು ಪುಟ ಉಳಿಯಿತು.

"ಈಗ ಓದಿದ್ರೆ ಅರ್ಥ ಆಗತ್ತೆ" ಎಂದಳು. "ಸಹಿ ಹಾಕಿ, ಸೀ ಲಸ್ಸಾದ್."

ಅವನು ಸಹಿ ಹಾಕಿ, ಪೆನ್ನನ್ನು ಅವಳತ್ತ ಚಾಚಿದ. "ನೀವೂ ಹಾಕಿ. ಧೂಳು ಒರೆಸಿದ್ದು ನೀವು."

ಝುಬೈದಾ ಕನ್ನಡಕ ತೆಗೆದು ಒರೆಸಿಕೊಂಡು, ಅವನ ಹೆಸರಿನ ಕೆಳಗೆ ತನ್ನ ಹೆಸರನ್ನು ದುಂಡಗೆ ಬರೆದಳು.